ಜಾಗ್ವಾರ್ ಇ-ಟೈಪ್ ಕೂಪೆಯ ಚೆಲುವು ಅರವತ್ತು ವರ್ಷ ಕಳೆದರೂ ಏಕೆ ಮಾಸಿಲ್ಲ

ಅಳತೆಗಳನ್ನಷ್ಟೇ ಓದಿದವರಿಗೆ ಜಾಗ್ವಾರ್ ಇ-ಟೈಪ್ ಕೂಪೆ ಚೆಂದದ ಕಾರು ಎಂದು ಅನ್ನಿಸುವುದು ಕಷ್ಟ. ಸುಮಾರು 4.45 ಮೀಟರ್ ಉದ್ದದ ಈ ಕಾರಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗವನ್ನು ಬಾನೆಟ್ಟೇ ನುಂಗಿಹಾಕಿದೆ. ಕೂರಲು ಇರುವುದು ಎರಡೇ ಸೀಟು, ಅವೂ ಹಿಂದಿನ ಚಕ್ರಗಳಿಗೆ ಒತ್ತಿಕೊಂಡಂತಿವೆ. ನಮ್ಮ ಅಂಬಾಸಡರ್ ಕಾರನ್ನು ಇದರ ಪಕ್ಕದಲ್ಲಿ ತಂದು ನಿಲ್ಲಿಸಿದರೆ ಅಗಲದಲ್ಲಿ ಎರಡೂ ಬಹುತೇಕ ಸಮವಾಗಿರುತ್ತವೆ, ಎತ್ತರದಲ್ಲಿ ಮಾತ್ರ ಇ-ಟೈಪ್ ಒಂದು ಅಡಿಗಿಂತ ಹೆಚ್ಚು ಗಿಡ್ಡ. ನೆಲದಿಂದ ಚಾವಣಿಯವರೆಗೆ ಅಳೆದರೆ ನಾಲ್ಕು ಅಡಿ, ಅಷ್ಟೆ. ಟೈರುಗಳು ಇಂದಿನವರ ಕಣ್ಣಿಗೆ ತೀರಾ ತೆಳುವಾಗಿ ಕಾಣುತ್ತವೆ. ಆದರೂ ಈ ಕಾರು ಎದುರಿಗೆ ಬಂದು ನಿಂತಾಗ, ಕಾರುಗಳ ಬಗ್ಗೆ ಯಾವ ಆಸಕ್ತಿಯೂ ಇಲ್ಲದವರು ಕೂಡ ಒಂದು ಸುತ್ತು ಹಾಕಿ ನೋಡುತ್ತಾರೆ. ಈ ಸೆಳೆತವನ್ನು ಕೇವಲ ಹಳೆಯ ಕಾಲದ ಮೇಲಿನ ಮೋಹ ಎಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಅದಕ್ಕೆ ಕಾರಣಗಳಿವೆ. ಆ ಕಾರಣಗಳನ್ನು ಲೋಹದ ಮೈಯ ಮೇಲೇ ಬೆರಳಿಟ್ಟು ತೋರಿಸಬಹುದು.

ಇ-ಟೈಪ್ ಲೋಕದ ಕಣ್ಣಿಗೆ ಬಿದ್ದದ್ದು 1961ರ ಮಾರ್ಚ್ 15ರಂದು, ಜಿನೀವಾದಲ್ಲಿ. ಅನಾವರಣಕ್ಕೆಂದು ಗೊತ್ತುಮಾಡಿದ್ದ ಬೂದು ಬಣ್ಣದ ಕೂಪೆಯನ್ನು ಇಂಗ್ಲೆಂಡಿನ ಕವೆಂಟ್ರಿಯಿಂದ ಕಂಪನಿಯ ಬಾಬ್ ಬೆರ್ರಿ ತಾವೇ ಓಡಿಸಿಕೊಂಡು ಹೋಗಿ, ಇನ್ನೇನು ಕಾರ್ಯಕ್ರಮ ಶುರುವಾಗಬೇಕು ಎನ್ನುವಷ್ಟರಲ್ಲಿ ತಲುಪಿಸಿದರು. ಕಾರಿನಲ್ಲಿ ಕೂತು ನೋಡಬೇಕೆಂದು ಬಂದವರ ಸಂಖ್ಯೆ ನಿಭಾಯಿಸಲಾರದಷ್ಟು ಹೆಚ್ಚಿತು. ಆಗ ಜಾಗ್ವಾರ್ ಸ್ಥಾಪಕ ಸರ್ ವಿಲಿಯಮ್ ಲಯನ್ಸ್ ಇನ್ನೊಂದು ಕಾರನ್ನು ತರಿಸಿದರು; ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಚಾವಣಿಯಿಲ್ಲದ ಇ-ಟೈಪನ್ನು ರಾತ್ರಿಯಿಡೀ ಓಡಿಸಿ ಮರುದಿನ ಬೆಳಿಗ್ಗೆ ಜಿನೀವಾ ಮುಟ್ಟಿಸಿದರು. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗ ಮುಟ್ಟುವ ಕಾರು ಎಂದು ಕಂಪನಿ ಹೇಳಿಕೊಂಡಿತ್ತು. ತೆರಿಗೆ ಸೇರಿ ಸುಮಾರು 2,200 ಪೌಂಡ್ ಬೆಲೆಯಿತ್ತು, ಅದೇ ಕಾಲದ ಆಸ್ಟನ್ ಮಾರ್ಟಿನ್ ಡಿಬಿ4 ಕಾರಿಗೆ ಅದರ ಇಮ್ಮಡಿಗೆ ಸಮೀಪದ ಹಣ ಕೊಡಬೇಕಾಗಿತ್ತು. ವೇಗವನ್ನೂ ಬೆಲೆಯನ್ನೂ ನಂತರದ ಕಾರುಗಳು ಬಹುಬೇಗ ಹಿಂದೆ ಹಾಕಿದವು. ಮೈಕಟ್ಟನ್ನು ಹಿಂದೆ ಹಾಕಿದ ಕಾರುಗಳು, ನನ್ನ ಅಭಿಪ್ರಾಯದಲ್ಲಿ, ಬೆರಳೆಣಿಕೆಯಷ್ಟೂ ಇಲ್ಲ.

ಮೊದಲು ಕೂಪೆ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಫ್ರೆಂಚ್ ಭಾಷೆಯಲ್ಲಿ ಕೂಪೆ ಎಂದರೆ ಕತ್ತರಿಸಿದ್ದು ಎಂದರ್ಥ. ಎದುರುಬದುರು ಎರಡು ಸಾಲು ಆಸನಗಳಿದ್ದ ಕುದುರೆ ಸಾರೋಟಿನ ಮುಂದಿನ ಸಾಲನ್ನು ಕತ್ತರಿಸಿ ತೆಗೆದು, ಇಬ್ಬರಿಗಷ್ಟೇ ಸಾಲುವಂತೆ ಮೊಟಕುಗೊಳಿಸಿದ ಗಾಡಿಗೆ ಆ ಹೆಸರು ಬಂದಿತ್ತು, ಕಾರುಗಳ ಕಾಲದಲ್ಲಿ ಅದು ಎರಡು ಬಾಗಿಲಿನ, ಗಟ್ಟಿ ಚಾವಣಿಯ, ಹಿಂದಕ್ಕೆ ಇಳಿಜಾರಾದ ಕಾರುಗಳ ಹೆಸರಾಯಿತು. ಈ ಕತ್ತರಿಸುವಿಕೆಯಿಂದ ವಿನ್ಯಾಸಕಾರನಿಗೆ ಸಿಗುವ ಲಾಭ ದೊಡ್ಡದು. ಹಿಂದೆ ಕೂರುವವರ ತಲೆಗೆ ಜಾಗ ಬಿಡಬೇಕಾಗಿಲ್ಲದ ಕಾರಣ ಚಾವಣಿ ಚಾಲಕನ ತಲೆ ದಾಟಿದ ಕೂಡಲೇ ಇಳಿಯತೊಡಗಬಹುದು, ಹಾಗೆ ಇಳಿದ ರೇಖೆ ಎಲ್ಲಿಯೂ ಮುರಿಯದೆ ಬಾಲದವರೆಗೆ ಸಾಗಬಹುದು. ಇ-ಟೈಪ್‌ನಲ್ಲಿ ಗಾಜಿನ ಮೇಲಂಚಿನಿಂದ ಹೊರಟ ಗೆರೆ ಹಿಂದಿನ ಬಂಪರಿನ ತನಕ ಒಂದೇ ಉಸಿರಿನಲ್ಲಿ ಇಳಿಯುತ್ತದೆ.

ಉದ್ದನೆಯ ಬಾನೆಟ್ಟಿನ ಪರಿಣಾಮವೂ ಇಲ್ಲಿಯೇ ಅರ್ಥವಾಗುತ್ತದೆ. ಕಾರನ್ನು ಪಕ್ಕದಿಂದ ನೋಡುವಾಗ ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನಮ್ಮ ಕಣ್ಣು ತಾನಾಗಿಯೇ ಅಳೆಯುತ್ತದೆ. ಆ ಅಂತರ ಹೆಚ್ಚಿದ್ದಷ್ಟೂ ಒಳಗೆ ದೊಡ್ಡ ಎಂಜಿನ್ ಇದೆ, ಅದರ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿದೆ, ಭಾರ ಹಿಂದೆ ಕೂತಿದೆ, ಕಾರು ಮುಂದಕ್ಕೆ ಜಿಗಿಯಲು ಸಿದ್ಧವಾಗಿದೆ ಎಂಬ ಭಾವನೆ ಹುಟ್ಟುತ್ತದೆ. ನೆಗೆಯುವ ಮುನ್ನ ಹಿಂಗಾಲುಗಳ ಮೇಲೆ ಭಾರ ಹಾಕಿ ಕೂತ ಬೆಕ್ಕಿನ ಮೈಯಲ್ಲಿ ನಮಗೆ ಕಾಣುವುದೂ ಇದೇ ಭಾರದ ಹಂಚಿಕೆ. ಇ-ಟೈಪ್‌ನಲ್ಲಿ ಇದು ಬರೀ ತೋರಿಕೆಯಾಗಿರಲಿಲ್ಲ. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ 3.8 ಲೀಟರಿನ ಎಂಜಿನ್ ನಿಜಕ್ಕೂ ಅಷ್ಟು ಉದ್ದದ ಜಾಗವನ್ನು ಬೇಡುತ್ತಿತ್ತು.

ಈ ಮೈಯನ್ನು ರೂಪಿಸಿದ ಮಾಲ್ಕಮ್ ಸೇಯರ್ ಅವರನ್ನು ಚಿತ್ರಕಾರರು ಎನ್ನುವುದಕ್ಕಿಂತ ಗಣಿತಜ್ಞರು ಎನ್ನುವುದು ಹೆಚ್ಚು ಸರಿ. 1916ರಲ್ಲಿ ಇಂಗ್ಲೆಂಡಿನ ಕಡಲತೀರದ ಕ್ರೋಮರ್ ಪಟ್ಟಣದಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿದವರು, ಆಮೇಲೆ ಜಾಗ್ವಾರ್ ಸೇರಿದವರು. ತಮ್ಮನ್ನು ಸ್ಟೈಲಿಸ್ಟ್ ಎಂದು ಯಾರಾದರೂ ಕರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಗಾಳಿಯ ಹರಿವನ್ನು ಅರಿತು ಮೈ ಕಟ್ಟುವ ಎಂಜಿನಿಯರ್ ತಾವು ಎಂಬುದು ಅವರ ನಿಲುವಾಗಿತ್ತು. ಅವರು ರೂಪಿಸಿದ ಸಿ-ಟೈಪ್ ಮತ್ತು ಡಿ-ಟೈಪ್ ರೇಸ್ ಕಾರುಗಳು ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು 1951, 1953, 1955, 1956 ಮತ್ತು 1957ರಲ್ಲಿ, ಒಟ್ಟು ಐದು ಬಾರಿ ಗೆದ್ದವು. ಇ-ಟೈಪ್ ಅದೇ ವಂಶದ ರಸ್ತೆ ಕಾರು. ನಡುವಿನ ಭಾಗ ವಿಮಾನದ ಒಡಲಿನಂತೆ ತಗಡಿನ ಪೆಟ್ಟಿಗೆಯಾಗಿದ್ದು, ಅದರ ಮುಂದೆ ಉಕ್ಕಿನ ಕೊಳವೆಗಳ ಚೌಕಟ್ಟು ಎಂಜಿನನ್ನು ಹೊತ್ತು ನಿಂತಿರುವ ರಚನೆ ಡಿ-ಟೈಪ್‌ನಿಂದಲೇ ಬಂದದ್ದು.

ಸೇಯರ್ ಅವರ ಕೆಲಸದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಕಾರಿನ ಚೆಲುವಿನ ಬೇರು ಅಲ್ಲಿದೆ. ಆ ದಿನಗಳಲ್ಲಿ ಕಾರಿನ ರೂಪ ಸಾಮಾನ್ಯವಾಗಿ ಚಿತ್ರದಿಂದ ಹುಟ್ಟಿ, ಜೇಡಿಮಣ್ಣಿನ ಇಲ್ಲವೇ ಮರದ ಮಾದರಿಯಾಗಿ ಬೆಳೆದು, ಕೊನೆಗೆ ತಗಡಿಗೆ ಇಳಿಯುತ್ತಿತ್ತು. ಸೇಯರ್ ಅವರು ಲೆಕ್ಕ ಮಾಡುವ ಜಾರುಪಟ್ಟಿಯಾದ ಸ್ಲೈಡ್ ರೂಲನ್ನೂ ಲಾಗರಿದಂ ಕೋಷ್ಟಕಗಳನ್ನೂ ಮುಂದಿಟ್ಟುಕೊಂಡು, ಕಾರಿನ ಮೈಯನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡಡ್ಡ ಬಿಲ್ಲೆಗಳಾಗಿ ಕಲ್ಪಿಸಿಕೊಂಡು, ಪ್ರತಿಯೊಂದು ಬಿಲ್ಲೆಯ ಅಂಚಿನ ಬಿಂದುಗಳು ಎಲ್ಲೆಲ್ಲಿ ಬರಬೇಕು ಎಂಬುದನ್ನು ಲೆಕ್ಕಹಾಕಿ ಸಂಖ್ಯೆಗಳ ಪಟ್ಟಿ ತಯಾರಿಸುತ್ತಿದ್ದರು. ಆ ಸಂಖ್ಯೆಗಳಿಂದ ನಿಜಗಾತ್ರದ ನಕ್ಷೆ ಬಿಡಿಸಲಾಗುತ್ತಿತ್ತು. ಕಂಪ್ಯೂಟರುಗಳು ಇಂದು ಮಾಡುವ ಕೆಲಸವನ್ನು ಅವರು ಕೈಲೆಕ್ಕದಿಂದ ಮಾಡಿದರು. ಅವರ ವಕ್ರರೇಖೆಗಳಿಗೆ ಆಧಾರವಾಗಿದ್ದದ್ದು ಮುಖ್ಯವಾಗಿ ದೀರ್ಘವೃತ್ತ, ಅಂದರೆ ಒಂದು ದಿಕ್ಕಿಗೆ ಎಳೆದಂತಿರುವ ವೃತ್ತ.

ದೀರ್ಘವೃತ್ತವೇ ಏಕೆ ಎಂಬುದಕ್ಕೆ ರೈಲು ಹಳಿಯ ಉದಾಹರಣೆ ನೋಡಬಹುದು. ನೇರವಾಗಿ ಸಾಗುವ ಹಳಿಯನ್ನು ಒಮ್ಮೆಲೇ ವೃತ್ತದ ತುಂಡಿಗೆ ಜೋಡಿಸಿದರೆ ಆ ಜಾಗದಲ್ಲಿ ಪ್ರಯಾಣಿಕರು ಒಂದು ಪಕ್ಕಕ್ಕೆ ವಾಲಿಬಿಡುತ್ತಾರೆ. ಹಾಗಾಗದಂತೆ ಎಂಜಿನಿಯರುಗಳು ನೇರ ಹಳಿಗೂ ತಿರುವಿಗೂ ನಡುವೆ ಬಾಗು ನಿಧಾನವಾಗಿ ಏರುವ ಒಂದು ತುಂಡನ್ನು ಇಡುತ್ತಾರೆ. ಕಣ್ಣಿನ ಪ್ರಯಾಣವೂ ಹಾಗೆಯೇ. ನೇರ ಗೆರೆಗೆ ವೃತ್ತದ ಕಮಾನನ್ನು ಅಂಟಿಸಿದ ಆಕಾರದಲ್ಲಿ ಎರಡೂ ಸೇರುವ ಕಡೆ, ಅಂಚು ಕಾಣದಿದ್ದರೂ, ನೋಟ ಎಡವುತ್ತದೆ. ದೀರ್ಘವೃತ್ತದಲ್ಲಿ ಬಾಗು ಒಂದು ಕಡೆ ಹಗುರವಾಗಿ ಶುರುವಾಗಿ, ಇನ್ನೊಂದು ಕಡೆಗೆ ಹೋಗುತ್ತ ಬಿಗಿಯಾಗುತ್ತದೆ, ಎಲ್ಲಿಯೂ ಹಠಾತ್ತನೆ ಬದಲಾಗುವುದಿಲ್ಲ. ಇ-ಟೈಪ್‌ನ ಮೈಮೇಲೆ ನೇರ ಗೆರೆ ಹುಡುಕಿದರೂ ಸಿಗುವುದು ಬಲು ಅಪರೂಪ. ನೇರವಾಗಿದೆ ಎಂದುಕೊಂಡ ಬಾಗಿಲಿನ ಪಕ್ಕೆ ಕೂಡ ಮೇಲಿನಿಂದ ಕೆಳಗೆ, ಹಿಂದಿನಿಂದ ಮುಂದೆ, ಎರಡೂ ದಿಕ್ಕಿನಲ್ಲಿ ಬಾಗಿರುತ್ತದೆ.

ಇದರ ಬೆಲೆ ನನಗೆ ಮನದಟ್ಟಾದದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿ, ಟಿಂಕರಿಂಗ್ ಕೆಲಸ ಮಾಡುವ ಹಿರಿಯರೊಬ್ಬರನ್ನು ನೋಡುತ್ತ ನಿಂತಾಗ. ಅವರು ರಿಪೇರಿ ಮಾಡುತ್ತಿದ್ದದ್ದು ಸಾಧಾರಣ ಕಾರಿನ ಬಾಗಿಲು. ಸುತ್ತಿಗೆಯ ಕೆಲಸ ಮುಗಿಸಿ, ತಗಡಿನ ಮೇಲೆ ಒದ್ದೆ ಬಟ್ಟೆ ಎಳೆದು, ಆ ತೇವ ಆರುವ ಮೊದಲೇ ಅವರು ಮಂಡಿಯೂರಿ ಕೂತು, ಮೇಲಿನ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ದಿಟ್ಟಿಸಿದರು. ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಂತೆ ಬೆಳಕಿನ ಗೆರೆಯೂ ಬಾಗಿಲಿನ ಮೇಲೆ ಸರಿಯಿತು. ಒಂದು ಕಡೆ ಅದು ಕ್ಷಣಮಾತ್ರ ತಡೆದು ಮುಂದಕ್ಕೆ ಹಾರಿತು. “ಬೆಳಕು ಓಡ್ಬೇಕು ಸಾರ್, ನಿಂತ್ರೆ ಅಲ್ಲಿ ತಗ್ಗಿದೆ ಅಂತ ಲೆಕ್ಕ” ಎಂದು ಹೇಳಿ ಅಂಗೈಯಿಂದ ಆ ಜಾಗ ಸವರಿದರು. ನನ್ನ ಬೆರಳಿಗೆ ಅಲ್ಲಿ ಏನೂ ತಿಳಿಯಲಿಲ್ಲ.

ಕಾರಿನ ಮೈಯಲ್ಲಿ ನಾವು ಆಕಾರವನ್ನು ನೇರವಾಗಿ ನೋಡುವುದಕ್ಕಿಂತ ಹೆಚ್ಚಾಗಿ ಅದರ ಮೇಲೆ ಓಡುವ ಬೆಳಕನ್ನು ನೋಡುತ್ತೇವೆ. ಹೊಳೆಯುವ ಬಣ್ಣದ ಕೆಳಗಿನ ತಗಡು ಹೇಗೆ ಬಾಗಿದೆಯೋ ಹಾಗೆ ಆಕಾಶದ, ಮರದ, ದೀಪದ ಪ್ರತಿಬಿಂಬ ಉದ್ದವಾಗುತ್ತದೆ, ಕಿರಿದಾಗುತ್ತದೆ, ತಿರುಗುತ್ತದೆ. ಲೆಕ್ಕದಿಂದ ಹುಟ್ಟಿದ ಇ-ಟೈಪ್‌ನ ಮೈಯಲ್ಲಿ ಬಾಗು ಎಲ್ಲಿಯೂ ಜಿಗಿಯುವುದಿಲ್ಲವಾದ್ದರಿಂದ ಬೆಳಕೂ ಜಿಗಿಯುವುದಿಲ್ಲ. ಮೂತಿಯ ಬಳಿ ಹುಟ್ಟಿದ ಹೊಳಪಿನ ಗೆರೆ ಮುಂಚಕ್ರದ ಉಬ್ಬನ್ನು ಏರಿ, ಬಾಗಿಲ ಬಳಿ ತೆಳ್ಳಗಾಗಿ, ಹಿಂಚಕ್ರದ ತೊಡೆಯ ಮೇಲೆ ಮತ್ತೆ ಅಗಲವಾಗಿ ಬಾಲದಲ್ಲಿ ಕರಗುತ್ತದೆ. ನಿಂತ ಕಾರು ಚಲಿಸುತ್ತಿರುವಂತೆ ತೋರುವುದಕ್ಕೆ ಇದೇ ಕಾರಣ. ನೋಡುವವರು ಒಂದು ಹೆಜ್ಜೆ ಇಟ್ಟರೂ ಮೈಮೇಲಿನ ಬೆಳಕೆಲ್ಲ ಸಾಗುತ್ತದೆ. ಫೋಟೋದಲ್ಲಿ ಇದರ ಅರ್ಧದಷ್ಟೂ ಸಿಗುವುದಿಲ್ಲ.

ಇ-ಟೈಪ್‌ನ ಬಾನೆಟ್ ತೆರೆಯುವ ಕ್ರಮ ಈ ಹರಿವಿಗೆ ಮತ್ತಷ್ಟು ನೆರವಾಗಿದೆ. ಸಾಮಾನ್ಯ ಕಾರುಗಳಲ್ಲಿ ಬಾನೆಟ್ ಬೇರೆ, ಎರಡು ಪಕ್ಕದ ಮಡ್‌ಗಾರ್ಡ್‌ಗಳು ಬೇರೆ, ಮುಂದಿನ ಜಾಲರಿ ಬೇರೆ. ಅವುಗಳ ನಡುವೆ ಸಂದುಗಳಿರುತ್ತವೆ. ಇಲ್ಲಿ ಮೂತಿ, ಮಡ್‌ಗಾರ್ಡ್, ಬಾನೆಟ್ ಎಲ್ಲವೂ ಸೇರಿದ ಇಡೀ ಮುಂಭಾಗವೇ ಮುಂದಿನ ತುದಿಯ ಕೀಲಿನ ಮೇಲೆ ಒಟ್ಟಾಗಿ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಬಾಗಿಲಿನ ಮುಂದಿನ ಒಂದು ಸಂದನ್ನು ಬಿಟ್ಟರೆ ಮುಂಭಾಗದಲ್ಲಿ ತೆರೆದುಕೊಳ್ಳುವ ಸಂದೇ ಇಲ್ಲ. ಮಡ್‌ಗಾರ್ಡುಗಳನ್ನು ನಡುವಿನ ತಗಡಿಗೆ ಒಳಗಿನಿಂದ ಬೋಲ್ಟ್ ಹಾಕಿ ಸೇರಿಸಿದ ಕಡೆ ಮಾತ್ರ, ಹೆಡ್‌ಲೈಟಿನಿಂದ ಹಿಂದಕ್ಕೆ, ದಾರದಷ್ಟು ತೆಳುವಾದ ಕ್ರೋಮ್ ಪಟ್ಟಿ ಓಡುತ್ತದೆ. ಜೋಡಣೆಯನ್ನು ಮುಚ್ಚಲು ಹಾಕಿದ ಪಟ್ಟಿ ಅದು, ಆದರೆ ಮೈಯ ಬಾಗನ್ನು ಎತ್ತಿ ತೋರಿಸುವ ಆಭರಣದಂತೆ ಕೂತಿದೆ.

ಹೀಗೆ ಅಗತ್ಯವೇ ಅಲಂಕಾರವಾದ ಸಂಗತಿಗಳು ಈ ಕಾರಿನಲ್ಲಿ ಹಲವಿವೆ. ಬಾನೆಟ್ಟಿನ ನಡುವಿನ ಉದ್ದನೆಯ ಉಬ್ಬನ್ನೇ ತೆಗೆದುಕೊಳ್ಳಿ. ಜಾಗ್ವಾರ್‌ನ ಆ ಎಂಜಿನ್ನಿನ ಪಿಸ್ಟನ್ 106 ಮಿಲಿಮೀಟರ್ ಮೇಲೆ ಕೆಳಗೆ ಓಡುತ್ತಿತ್ತು, ಎಂಜಿನ್ನಿನ ತಲೆಯ ಮೇಲೆ ಕವಾಟಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟ್‌ಗಳು ಬೇರೆ. ಹೀಗಾಗಿ ಎಂಜಿನ್ ಎತ್ತರವಾಗಿತ್ತು. ಇಡೀ ಬಾನೆಟ್ಟನ್ನು ಅದಕ್ಕಾಗಿ ಎತ್ತರಿಸಿದ್ದರೆ ಕಾರಿನ ತಗ್ಗಿದ ನಿಲುವೇ ಕೆಡುತ್ತಿತ್ತು, ಆದ್ದರಿಂದ ಎಂಜಿನ್ನಿನ ತಲೆ ತಾಗುವ ಕಡೆಯಷ್ಟೇ ತಗಡನ್ನು ಉಬ್ಬಿಸಲಾಯಿತು. ಚರ್ಮದ ಕೆಳಗೆ ಸ್ನಾಯು ಇರುವಂತೆ ಆ ಉಬ್ಬು ಕಾಣುತ್ತದೆ, ನಿಜಕ್ಕೂ ಕೆಳಗಿರುವುದು ಸ್ನಾಯುವೇ. ಪಕ್ಕದಲ್ಲಿರುವ ಸೀಳುಗಳು ಬಿಸಿಗಾಳಿಯನ್ನು ಹೊರಹಾಕಲು ಮಾಡಿದವು. ಅಗಲವಾಗಿಯೂ ತಗ್ಗಾಗಿಯೂ ಇರುವ ಮುಂದಿನ ಗಾಜನ್ನು ಎರಡು ವೈಪರುಗಳಿಂದ ಒರೆಸಿ ಮುಗಿಸಲಾಗದ್ದರಿಂದ ಮೂರು ಪುಟ್ಟ ವೈಪರುಗಳು ಬಂದವು. ಮುಂದಿನ ಬಾಯಿ ರೇಡಿಯೇಟರಿಗೆ ಗಾಳಿ ಬಿಡುವ ಚಿಕ್ಕ ಅಂಡಾಕಾರದ ತೂತು. ಅದಕ್ಕೊಂದು ಅಡ್ಡಪಟ್ಟಿ, ನಡುವೆ ಲಾಂಛನ, ಇನ್ನೇನೂ ಇಲ್ಲ. ಹೆಡ್‌ಲೈಟುಗಳು ಮಡ್‌ಗಾರ್ಡಿನ ಒಳಕ್ಕೆ ಸರಿದು ಕೂತಿವೆ, ಅವುಗಳ ಮೇಲೆ ಮಡ್‌ಗಾರ್ಡಿನ ಬಾಗನ್ನೇ ಮುಂದುವರಿಸುವ ಗಾಜಿನ ಮುಚ್ಚಳಿಕೆ ಇದೆ.

ಚಾವಣಿಯ ಕಥೆ ಬೇರೆ. ಇ-ಟೈಪ್‌ನ ಕೆಲಸ ತೆರೆದ ಕಾರಾಗಿಯೇ ಮುಂದುವರಿದಿದ್ದಾಗ, ಜಾಗ್ವಾರ್‌ನಲ್ಲಿ ತಗಡಿನ ಕೆಲಸದಲ್ಲಿ ಪಳಗಿದ್ದ ಅಮೆರಿಕದ ಬಾಬ್ ಬ್ಲೇಕ್ ತೆಳು ಕಂಬಿಗಳನ್ನು ಬಾಗಿಸಿ ಬೆಸೆದು ಅದರ ಮೇಲೊಂದು ಚಾವಣಿಯ ಹಂದರ ಕಟ್ಟಿ ನೋಡಿದರು. ಲಯನ್ಸ್ ಅದನ್ನು ಕಂಡು ಮೆಚ್ಚಿ, ತಯಾರಿಸೋಣ ಎಂದರು. ಲಯನ್ಸ್ ಎಂಜಿನಿಯರ್ ಆಗಿರಲಿಲ್ಲ, ಅವರ ಬಂಡವಾಳ ಕಣ್ಣು. ಹೊಸ ಕಾರುಗಳ ಮಾದರಿಗಳನ್ನು ತಮ್ಮ ಮನೆಗೆ ತರಿಸಿ, ಹಗಲು ಬೆಳಕಿನಲ್ಲಿ ಅಂಗಳದಲ್ಲಿ ನಿಲ್ಲಿಸಿ ನೋಡುವುದು ಅವರ ರೂಢಿಯಾಗಿತ್ತು. ತೆರೆದ ಕಾರು ಚೆಲುವಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಬಟ್ಟೆಯ ಹೊದಿಕೆ ಮುಚ್ಚಿದಾಗ ಅದರ ಗೆರೆ ತುಂಡಾಗುತ್ತದೆ. ಕೂಪೆಯಲ್ಲಿ ಬಾನೆಟ್ಟಿನಿಂದ ಹೊರಟ ನೋಟಕ್ಕೆ ಚಾವಣಿಯ ಮೇಲೆ ಹತ್ತಿ ಇಳಿದು ತಲುಪಲು ಒಂದು ಊರಿದೆ. ಬಾಗಿಲಿನಂತೆ ಪಕ್ಕಕ್ಕೆ ತೆರೆಯುವ ಹಿಂದಿನ ಡಿಕ್ಕಿಯ ಮುಚ್ಚಳವೂ ಆ ಇಳಿಜಾರಿನೊಳಗೇ ಅಡಗಿದೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಗಾಳಿಗಾಗಿ ರೂಪಿಸಿದ ಈ ಮೈ ಗಾಳಿಯನ್ನು ಸೀಳುವುದರಲ್ಲಿ ಅಂಥ ನಿಪುಣವೇನಲ್ಲ. ಗಾಳಿಯ ಎಳೆತವನ್ನು ಅಳೆಯುವ ಗುಣಾಂಕದಲ್ಲಿ ಇ-ಟೈಪ್‌ನದು ಸುಮಾರು 0.44, ಇಂದಿನ ಎಷ್ಟೋ ಸಾಮಾನ್ಯ ಸೆಡಾನುಗಳು 0.30ಕ್ಕಿಂತ ಕೆಳಗಿವೆ. ಕಣ್ಣಿಗೆ ಕಾಣದ ಅಡಿಭಾಗ, ಚಕ್ರದ ಗೂಡು, ರೇಡಿಯೇಟರಿನ ಮೂಲಕ ನುಗ್ಗುವ ಗಾಳಿ ಇವೆಲ್ಲ ಆ ಲೆಕ್ಕದಲ್ಲಿ ಸೇರುತ್ತವೆ. ಹಾಗಾದರೆ ರೂಪವು ಕೆಲಸವನ್ನು ಅನುಸರಿಸಿದರೆ ಚೆಲುವು ತಾನಾಗಿ ಬರುತ್ತದೆ ಎಂಬ ವಾದ ಈ ಕಾರಿಗೆ ಪೂರ್ತಿ ಹೊಂದುವುದಿಲ್ಲ. ಸೇಯರ್ ಅವರ ಗಣಿತ ಗಾಳಿಗೆಂದು ಹುಡುಕಿದ ಅಖಂಡ ಬಾಗು ಗಾಳಿಗಿಂತ ಹೆಚ್ಚಾಗಿ ಬೆಳಕಿಗೆ ಒದಗಿಬಂತು ಎಂದೇ ನಾನು ತಿಳಿದಿದ್ದೇನೆ.

ಈ ರೂಪ ಎಷ್ಟು ಸೂಕ್ಷ್ಮವಾದ ಅಳತೆಗಳ ಮೇಲೆ ನಿಂತಿತ್ತು ಎಂಬುದಕ್ಕೆ ಜಾಗ್ವಾರ್ ಕಂಪನಿಯೇ ಮುಂದೆ ಮಾಡಿದ ಬದಲಾವಣೆಗಳು ಸಾಕ್ಷಿ. 1966ರಲ್ಲಿ ಹಿಂದೆ ಎರಡು ಪುಟ್ಟ ಸೀಟುಗಳನ್ನು ಸೇರಿಸಲೆಂದು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರವನ್ನು 9 ಇಂಚು ಹೆಚ್ಚಿಸಿ, ಚಾವಣಿಯನ್ನು ಎತ್ತರಿಸಿ, ಮುಂದಿನ ಗಾಜನ್ನು ಹೆಚ್ಚು ನೆಟ್ಟಗೆ ನಿಲ್ಲಿಸಿದರು. ಬಾನೆಟ್ ಅದೇ, ಬಾಲ ಅದೇ. ನಡುವೆ ಒಂದು ಗೇಣಿನಷ್ಟು ಸೇರಿಸಿದ್ದಕ್ಕೆ ಬೆನ್ನಿನ ಮೇಲೆ ಗೂನು ಬಂದಂತಾಯಿತು. ಮುಂದೆ ಆ ಗಾಜಿನ ಬುಡವನ್ನು ಮುಂದಕ್ಕೆ ಸರಿಸಿ ಮತ್ತೆ ವಾಲಿಸಿದರು. ಕಣ್ಣಿಗೆ ಕಿರಿಕಿರಿಯಾದದ್ದು ತಯಾರಿಸಿದವರಿಗೂ ತಿಳಿದಿತ್ತು ಎಂದಾಯಿತು. ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಹೆಡ್‌ಲೈಟಿನ ಗಾಜಿನ ಮುಚ್ಚಳಿಕೆಗಳು ಹೋದವು. 1968ರ ಎರಡನೆಯ ಸರಣಿಯಲ್ಲಿ ಎಂಜಿನ್ ತಣ್ಣಗಿಡಲೆಂದು ಮುಂದಿನ ಬಾಯಿ ದೊಡ್ಡದಾಯಿತು. ಹಿಂದಿನ ದೀಪಗಳು ದಪ್ಪಗಾಗಿ ಬಂಪರಿನ ಕೆಳಗಿಳಿದವು. 1971ರಲ್ಲಿ 5.3 ಲೀಟರಿನ, 12 ಸಿಲಿಂಡರಿನ ಎಂಜಿನ್ ಬಂದಾಗ ಆ ಬಾಯಿಗೆ ಜಾಲರಿ ಬಂತು, ಚಕ್ರದ ಕಮಾನುಗಳು ಹೊರಚಾಚಿದವು, ಎರಡೇ ಸೀಟಿನ ಗಿಡ್ಡ ಕೂಪೆಯ ತಯಾರಿಕೆ ನಿಂತಿತು. ಒಂದೊಂದು ಬದಲಾವಣೆಗೂ ಒಪ್ಪತಕ್ಕ ಕಾರಣವಿತ್ತು, ಕಾರು ಮೊದಲಿಗಿಂತ ಹೆಚ್ಚು ಅನುಕೂಲವೂ ಆಯಿತು. ಆದರೂ ಮೊದಲ ಸರಣಿಯ ಪಕ್ಕದಲ್ಲಿ ನಿಲ್ಲಿಸಿದರೆ ಅದು ದೇಹ ತುಂಬಿಕೊಂಡ ಓಟಗಾರನಂತೆ ಕಾಣುತ್ತದೆ.

1974ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 72,000ಕ್ಕೂ ಹೆಚ್ಚು ಇ-ಟೈಪ್‌ಗಳು ಹೊರಬಂದಿದ್ದವು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ನೀಲಿ ಬಣ್ಣದ ತೆರೆದ ಇ-ಟೈಪೊಂದನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡಿತು. 2008ರಿಂದ ಜಾಗ್ವಾರ್ ಟಾಟಾ ಮೋಟಾರ್ಸ್‌ನ ಒಡೆತನದಲ್ಲಿದೆ. 1963ರಲ್ಲಿ ರೇಸಿಗೆಂದು 18 ಹಗುರ ಇ-ಟೈಪ್‌ಗಳನ್ನು ಕಟ್ಟುವ ಯೋಜನೆಯಿದ್ದು 12ಕ್ಕೇ ನಿಂತಿತ್ತು. ಉಳಿದ ಆರನ್ನು ಕಂಪನಿ 2014ರಿಂದ ಕಟ್ಟಿತು. ಆಗ ಹಳೆಯ ಕಾರೊಂದರ ಮೈಯನ್ನು ಕಂಪ್ಯೂಟರಿನಿಂದ ಅಳೆದು, ಒಂದು ಪಕ್ಕದ ಅಳತೆಯನ್ನೇ ಕನ್ನಡಿಯಂತೆ ತಿರುಗಿಸಿ ಇನ್ನೊಂದು ಪಕ್ಕಕ್ಕೂ ಬಳಸಿದರು, ಏಕೆಂದರೆ ಹಳೆಯ ಮೈಗಳ ಎಡಬಲ ಕರಾರುವಾಕ್ಕಾಗಿ ಒಂದೇ ಆಗಿರಲಿಲ್ಲ. ಕಾಗದದ ಮೇಲಿನ ಲೆಕ್ಕ ಎಷ್ಟೇ ನಿಖರವಾಗಿದ್ದರೂ ಅದನ್ನು ತಗಡಿಗೆ ಇಳಿಸಿದ್ದು ಮನುಷ್ಯರ ಕೈ.

ಹಳೆಯ ಕಾರುಗಳ ಪ್ರದರ್ಶನದಲ್ಲಿ ಮೊದಲ ಸರಣಿಯ ಕೂಪೆ ಎಂದಾದರೂ ಕಣ್ಣಿಗೆ ಬಿದ್ದರೆ, ಎಲ್ಲರೂ ಫೋಟೋ ತೆಗೆಯುವ ಮುಂಭಾಗವನ್ನು ಬಿಟ್ಟು ಹಿಂದಿನ ಮೂಲೆಗೆ ಹೋಗಿ, ಹಿಂಚಕ್ರದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಕ್ಕರುಗಾಲಲ್ಲಿ ಕೂರಿ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿದ್ದರೆ ಒಳ್ಳೆಯದು. ಅಲ್ಲಿಂದ ಮೈ ಚಕ್ರದ ಕಮಾನಿನಿಂದ ಒಳಕ್ಕೆ ಮಡಚಿಕೊಂಡು ಬಾಲದ ಅಡಿಯಲ್ಲಿ ಜೋಡಿ ಸೈಲೆನ್ಸರ್ ಕೊಳವೆಗಳ ಕಡೆಗೆ ಕಿರಿದಾಗುವುದು ಕಾಣುತ್ತದೆ, 72 ಕಡ್ಡಿಗಳ ತಂತಿ ಚಕ್ರ ಆ ಮೈಯ ನೆರಳಲ್ಲಿ ಅರ್ಧ ಅಡಗಿರುವುದು ಕಾಣುತ್ತದೆ. ಆಮೇಲೆ ಚಾವಣಿಯ ಮೇಲೆ ಬಿದ್ದ ಬೆಳಕಿನ ಒಂದೇ ಒಂದು ಗೆರೆಯನ್ನು ಹಿಡಿದುಕೊಂಡು, ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತ, ಅದು ಎಲ್ಲಾದರೂ ತಡೆಯುತ್ತದೆಯೇ ಎಂದು ಬಂಪರಿನವರೆಗೂ ನೋಡಿ.